ನಾಲೆಡ್ಜ್ ಬೇಸ್‌ನಿಂದ ಒಂದೇ ಸಲ ಸಾವಿರಾರು ಡಾಕ್ಯುಮೆಂಟ್ ಡಿಲೀಟ್ ಮಾಡೋ ಟೂಲ್ ಹೇಗೆ ಬರೀಬೇಕು? ಲೂಪ್ ಹಾಕಿ ಅಳಿಸಿದ್ರೆ ಅರ್ಧ ಉಳ್ಕೊಳ್ತಿದೆ.

ಲೂಪ್ ಹಾಕಿ ಅಳಿಸಿದ್ರೆ ಅರ್ಧ ಡಾಕ್ಯುಮೆಂಟ್ ಉಳ್ಕೊಳ್ತಿದೆ ಅಂದಿದೀರಲ್ಲ, ಅದು ಹೆಚ್ಚಾಗಿ ಪೇಜಿನೇಷನ್ (ಲಿಸ್ಟನ್ನ ಒಂದೊಂದೇ ಪೇಜ್ ಆಗಿ ತರಿಸ್ಕೊಳ್ಳೋದು) ಸಮಸ್ಯೆ. ಮೊದಲ್ನೇ ಪೇಜ್‌ನ 100 ಅಳಿಸಿದ ತಕ್ಷಣ 101ನೇದು ಲಿಸ್ಟ್‌ನ ಮೇಲಕ್ಕೆ ಬಂದುಬಿಡತ್ತೆ, ಆದ್ರೆ ನಿಮ್ಮ ಕೋಡ್ ಆಫ್‌ಸೆಟ್ 100ರಿಂದ, ಅಂದ್ರೆ ಲಿಸ್ಟ್‌ನ ಮೊದಲ 100 ಬಿಟ್ಟು, ಮುಂದಕ್ಕೆ ಓದತ್ತೆ, ಹಾಗಾಗಿ ಮಧ್ಯದ 100 ಅದರ ಕಣ್ಣಿಗೇ ಬೀಳಲ್ಲ. ಮೊದಲು ಎಲ್ಲಾ ಐಡಿಗಳನ್ನ ಟೈಟಲ್ ಸಮೇತ ಒಂದು ಫೈಲ್‌ಗೆ ಇಳಿಸ್ಕೊಳ್ಳಿ, ಆಮೇಲೇ ಅಳಿಸೋಕೆ ಶುರು ಮಾಡಿ. ಆ ಫೈಲೇ ಡ್ರೈ ರನ್ (ನಿಜವಾಗಿ ಅಳಿಸದೆ ಏನೇನು ಹೋಗತ್ತೆ ಅಂತ ನೋಡೋದು) ಕೂಡ ಆಗತ್ತೆ, ಯಾರಾದ್ರೂ ಒಬ್ರು ಕಣ್ಣಾಡಿಸಿ ಸರಿ ಅಂದ್ಮೇಲೇ ಮುಂದಕ್ಕೆ ಹೋಗಿ, ಇದನ್ನ ಮಾತ್ರ ದಯವಿಟ್ಟು ಬಿಡ್ಬೇಡಿ, ಬೇರೆಯವ್ರು ಕಷ್ಟಪಟ್ಟು ಬರೆದಿರೋದು ಅದು.

ಅಳಿಸುವಾಗ ಸರ್ವರ್‌ನಿಂದ 429 (ರಿಕ್ವೆಸ್ಟ್ ಜಾಸ್ತಿ ಆಯ್ತು ಅನ್ನೋ ಕೋಡ್) ಬಂದ್ರೆ ಸ್ವಲ್ಪ ಕಾದು ಮತ್ತೆ ಕಳಿಸಿ, 404 (ಸಿಗ್ಲಿಲ್ಲ ಅನ್ನೋ ಕೋಡ್) ಬಂದ್ರೆ ಆಗ್ಲೇ ಹೋಗಿದೆ ಅಂತ ಲಾಗ್‌ನಲ್ಲಿ ಗುರುತು ಹಾಕಿ ಮುಂದಿನದಕ್ಕೆ ಹೋಗಿ, ಆಗ ಮಧ್ಯದಲ್ಲಿ ನಿಂತ್ರೂ ಧೈರ್ಯವಾಗಿ ಮತ್ತೆ ಓಡಿಸ್ಬೋದು. ಟ್ರ್ಯಾಶ್ ಅಥವಾ ಆರ್ಕೈವ್ ಇದ್ರೆ ಮೊದಲು ಅಲ್ಲಿಗೇ ಹಾಕಿ.

ಇನ್ನು ಚಾಟ್‌ಬಾಟ್‌ಗೆ ಅಂತ ವೆಕ್ಟರ್ ಇಂಡೆಕ್ಸ್ (ಅರ್ಥದ ಮೇಲೆ ಹುಡುಕೋಕೆ ಡಾಕ್ಯುಮೆಂಟ್‌ಗಳನ್ನ ತುಂಡು ಮಾಡಿ ಸಂಖ್ಯೆಗಳ ರೂಪದಲ್ಲಿ ಇಟ್ಟಿರೋದು) ಇಟ್ಟಿದ್ರೆ ಮೂಲ ಫೈಲ್ ಅಳಿಸಿದ್ರಷ್ಟೇ ಸಾಲಲ್ಲ, ಅದ್ರ ಚಂಕ್‌ಗಳು, ಅಂದ್ರೆ ಆ ತುಂಡುಗಳು, ಇಂಡೆಕ್ಸ್‌ನಲ್ಲೇ ಕೂತಿದ್ರೆ ಬಾಟ್ ಹಳೇ ಉತ್ತರಾನೇ ಕೊಡ್ತಿರತ್ತೆ. ಪ್ರತಿ ಚಂಕ್‌ನ ಮೆಟಾಡೇಟಾದಲ್ಲಿ (ಅದ್ರ ಜೊತೆ ಇಟ್ಟಿರೋ ವಿವರದಲ್ಲಿ) ಡಾಕ್ಯುಮೆಂಟ್ ಐಡಿ ಇದ್ರೆ ಅದ್ರ ಮೇಲೆ ಫಿಲ್ಟರ್ ಹಾಕಿ ಒಟ್ಟಿಗೇ ತೆಗೀಬೋದು.