ವಿಜಯಪುರದ ಬಾರಾ ಕಮಾನ್ ಹತ್ತಿರದ ಹಳೆಯ ಮನೆಯ ಮೇಲೆ ಮಹಡಿ ಕಟ್ಟಲು ಅನುಮತಿ ಸಿಗುತ್ತದೆಯೇ?

ತಂದೆಯ ಕಾಲದ ಮನೆ, ಮೇಲೊಂದು ಮಹಡಿ ಬೇಕು, ಪಾಲಿಕೆಯವರು ಪುರಾತತ್ವದವರ ಒಪ್ಪಿಗೆ ತನ್ನಿ ಎನ್ನುತ್ತಿದ್ದಾರೆ, ಮಧ್ಯವರ್ತಿಯೊಬ್ಬ ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಿದ್ದಾನೆ ಎಂದು ಬರೆದಿದ್ದೀರಿ. ಮೊದಲು ಮಧ್ಯವರ್ತಿಯ ವಿಷಯ ಮುಗಿಸಿಬಿಡುತ್ತೇನೆ. ನಿಮ್ಮ ಮನೆ ಬಾರಾ ಕಮಾನಿನಂಥ ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನ ಒಳಗಿದ್ದರೆ ಅವನಿರಲಿ, ದಿಲ್ಲಿಯಲ್ಲಿ ಕುಳಿತವರೂ ಮಹಡಿಗೆ ಅನುಮತಿ ಕೊಡಲಾರರು. ಹೊರಗಿದ್ದರೆ ಅವನ ಅಗತ್ಯವೇ ಇಲ್ಲ.

ಹಾಗಾದರೆ ಆ ನೂರು ಮೀಟರ್ ಎಲ್ಲಿಂದ? ನಾನು ಮುಗ್ಗರಿಸಿದ್ದು ಇಲ್ಲಿಯೇ. ನಾನೂ ಇದೇ ಊರಿನವನು. ನಮ್ಮದೂ ಗುಮ್ಮಟವೊಂದರ ಮಗ್ಗುಲಿನ ಮಾಳಿಗೆ ಮನೆ. ಒಂದು ಭಾನುವಾರ ಭಾವಮೈದುನನನ್ನು ಕರೆದುಕೊಂಡು ಗುಮ್ಮಟದ ಗೋಡೆಯಿಂದ ನಮ್ಮ ಹೊಸ್ತಿಲವರೆಗೆ ಟೇಪ್ ಹಿಡಿದೆ. 128 ಮೀಟರ್ ಬಂತು. ಮನೆಯಲ್ಲಿ ಶೀರಾ ಮಾಡಿದರು. ವಾರದ ನಂತರ ಬಂದ ಮೋಜಣಿದಾರರು ನಕ್ಕು, ಅಳತೆ ಶುರುವಾಗುವುದು ಗುಮ್ಮಟದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಎಂದರು. ಸುತ್ತಲಿನ ಹುಲ್ಲುಹಾಸು, ಬೇಲಿ ಎಲ್ಲವೂ ಆ ಗಡಿಯ ಒಳಗೇ. ಲೆಕ್ಕ ಹಾಕಿದರೆ ನಮ್ಮ ಮನೆ 83 ಮೀಟರಿಗೆ ಬಂದು ನಿಂತಿತು. ಶೀರಾ ಅಷ್ಟು ಹೊತ್ತಿಗೆ ಖರ್ಚಾಗಿತ್ತು.

ಪ್ರಾಚೀನ ಸ್ಮಾರಕಗಳನ್ನು ಕಾಯುವ ಕಾನೂನು 1958ರದು, ಅದಕ್ಕೆ ಹಲ್ಲು ಬಂದದ್ದು 2010ರ ತಿದ್ದುಪಡಿಯಿಂದ. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದ ಗಡಿಯಿಂದ ಕನಿಷ್ಠ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ನಮ್ಮ ಊರಿನ ಕಷ್ಟವೇನೆಂದರೆ ಸ್ಮಾರಕ ಒಂದಲ್ಲ. ಬಾರಾ ಕಮಾನಿನಿಂದ ದೂರವಾದೆ ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ಇನ್ನೊಂದು ಮಹಲಿನ ಅಥವಾ ಬಾವಡಿಯ ಸುತ್ತಳತೆಯಲ್ಲಿ ಸಿಕ್ಕಿಬಿದ್ದಿರುತ್ತೀರಿ. ಹಾಗಾಗಿ ಒಂದೇ ಸ್ಮಾರಕದ ಅಂತರ ಕೇಳಿ ಸುಮ್ಮನಾಗಬೇಡಿ.

ನಿಷೇಧಿತ ಪ್ರದೇಶದಲ್ಲಿ ಸಿಗುವುದು ದುರಸ್ತಿ ಮತ್ತು ನವೀಕರಣಕ್ಕೆ ಮಾತ್ರ ಅನುಮತಿ. ಅದೂ ಆ ಕಟ್ಟಡ 1992ರ ಜೂನ್ 16ಕ್ಕೆ ಮೊದಲೇ ಇದ್ದಿರಬೇಕು, ಇಲ್ಲವೇ ಆಮೇಲೆ ಪುರಾತತ್ವ ಸರ್ವೇಕ್ಷಣದ ಮಹಾನಿರ್ದೇಶಕರ ಒಪ್ಪಿಗೆ ಪಡೆದು ಕಟ್ಟಿದ್ದಾಗಿರಬೇಕು. ಅಜ್ಜ ಕಟ್ಟಿದ ಮನೆ ಎಂದು ಬಾಯಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ನಮ್ಮನ್ನು ಕಾಪಾಡಿದ್ದು ಅಜ್ಜಿಯ ಟ್ರಂಕು. ಇಳಕಲ್ ಸೀರೆಗಳ ತಳದಲ್ಲಿ, ನುಸಿಗುಳಿಗೆಯ ವಾಸನೆ ಹೊಡೆಯುತ್ತಿದ್ದ ಪ್ಲಾಸ್ಟಿಕ್ ಚೀಲದಲ್ಲಿ 1987ರ ಮನೆ ಕರದ ರಸೀದಿ ಇತ್ತು. ಮಡಿಕೆಯ ಗೆರೆಯಲ್ಲಿ ಹರಿದು ಎರಡಾಗಿತ್ತು, ಆದರೆ ಮುದ್ರೆ ಓದುವಂತಿತ್ತು. ಅದರ ಜೊತೆಗೆ ಸಿಟಿ ಸರ್ವೆಯ ಉತಾರ (ಆಸ್ತಿಯ ದಾಖಲೆ ಪತ್ರ), ಹಳೆಯ ಕರೆಂಟ್ ಬಿಲ್ಲು. ನಿಮ್ಮ ಮನೆಯ ಟ್ರಂಕು, ಅಟ್ಟ ಎಲ್ಲವನ್ನೂ ಈಗಲೇ ಜಾಲಾಡಿ.

ಎರಡನೆಯ ಪೆಟ್ಟು ಬಿದ್ದದ್ದು ಒಂದು ಪದದಿಂದ. ನಕ್ಷೆ ಬರೆದುಕೊಟ್ಟವರು ಅರ್ಜಿಯಲ್ಲಿ ‘ಪುನರ್ನಿರ್ಮಾಣ’ ಎಂದು ಬರೆದುಬಿಟ್ಟರು. ನಮಗೆ ಬೇಕಿದ್ದದ್ದು ಹುಳ ತಿಂದ ಜಂತಿಗಳನ್ನು ತೆಗೆದು, ಸೋರುವ ಮಾಳಿಗೆಯನ್ನು ಸರಿಪಡಿಸುವುದಷ್ಟೇ. ಆದರೆ ಕಾನೂನಿನಲ್ಲಿ ದುರಸ್ತಿಯೇ ಬೇರೆ, ಪುನರ್ನಿರ್ಮಾಣವೇ ಬೇರೆ. ಎರಡನೆಯದಕ್ಕೆ ನೂರು ಮೀಟರಿನೊಳಗೆ ಜಾಗವಿಲ್ಲ. ಅರ್ಜಿ ವಾಪಸು ಬಂತು. ಒಂದು ಮಳೆಗಾಲವಿಡೀ ಪಡಸಾಲೆಯಲ್ಲಿ ಬುಟ್ಟಿ, ಕೊಡ ಇಟ್ಟುಕೊಂಡು ಕುಳಿತೆವು. ಮತ್ತೆ ಬರೆಸಿ, ಈಗಿರುವ ಎತ್ತರ, ಅಗಲ, ಒಂದೊಂದು ಕೋಣೆಯ ಫೋಟೊ ಸೇರಿಸಿ ಕೊಟ್ಟ ಮೇಲೆ ಅನುಮತಿ ಬಂತು. ಕೆಲಸ ಮುಗಿದಾಗ ಎತ್ತರ ಒಂದಿಂಚೂ ಏರಿರಲಿಲ್ಲ. ಗವಂಡಿ ಮಾತ್ರ ‘ಇಷ್ಟಕ್ಕೆ ಇಷ್ಟು ಕಾಗದವೇ?’ ಎಂದು ಕೊನೆಯವರೆಗೂ ಗೊಣಗಿದ.

ನಿಮ್ಮ ಮನೆ ನಿಯಂತ್ರಿತ ಪ್ರದೇಶದಲ್ಲಿದ್ದರೆ ಮಹಡಿಯ ಆಸೆ ಇಟ್ಟುಕೊಳ್ಳಬಹುದು. ಅಲ್ಲಿ ಹೊಸ ಕಟ್ಟಡಕ್ಕೂ ಅರ್ಜಿ ಹಾಕಬಹುದು, ಎತ್ತರಕ್ಕೆ ಮಿತಿ ಹಾಕುತ್ತಾರೆ. ಆ ಎತ್ತರದಲ್ಲಿ ಮೆಟ್ಟಿಲ ಮೇಲಿನ ಕೋಣೆ, ತಾರಸಿಯ ಅಡ್ಡಗೋಡೆ, ನೀರಿನ ಟ್ಯಾಂಕ್ ಎಲ್ಲ ಸೇರಿರುತ್ತದೆ. ಟ್ಯಾಂಕನ್ನು ಮರೆತು ನಕ್ಷೆ ಬರೆಸಿದರೆ ಆಮೇಲೆ ಅದನ್ನು ಅಂಗಳದಲ್ಲಿಡಬೇಕಾದೀತು.

ಅರ್ಜಿ ಹೋಗುವುದು ಸಕ್ಷಮ ಪ್ರಾಧಿಕಾರಕ್ಕೆ. ನಮ್ಮ ರಾಜ್ಯದಲ್ಲಿ ಅದು ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಯ ಆಯುಕ್ತರು. ಅವರು 15 ದಿನಗಳಲ್ಲಿ ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು, ಪ್ರಾಧಿಕಾರ ಎರಡು ತಿಂಗಳಲ್ಲಿ ಶಿಫಾರಸು ತಿಳಿಸಬೇಕು, ಅದು ತಲುಪಿದ ಒಂದು ತಿಂಗಳಲ್ಲಿ ಆಯುಕ್ತರು ನಿಮಗೆ ಹೌದೋ ಅಲ್ಲವೋ ಹೇಳಬೇಕು. ಇದು ಕಾನೂನಿನ ಲೆಕ್ಕ. ಸ್ಥಳದ ಮಾಹಿತಿ ಬೇಕಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣದ ಧಾರವಾಡ ವಲಯವನ್ನು ಕೇಳಬೇಕು, ವಿಜಯಪುರ ಅದಕ್ಕೇ ಸೇರಿದೆ. ಇಷ್ಟೆಲ್ಲ ಆದ ಮೇಲೂ ಪಾಲಿಕೆಯ ಪರವಾನಗಿ ಬೇರೆಯಾಗಿ ಬೇಕೇ ಬೇಕು.

ಶನಿವಾರ ರಾತ್ರಿ ಸ್ಲ್ಯಾಬ್ ಹಾಕಿ ಸೋಮವಾರ ಏನೂ ಗೊತ್ತಿಲ್ಲದವರಂತೆ ಕೂರುವ ಉಪಾಯವನ್ನು ಯಾರಾದರೂ ನಿಮಗೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಟ್ಟಿದ್ದನ್ನು ಕೆಡವಿಸುವುದಕ್ಕೂ ದಾರಿಯಿದೆ. ಅಂದಹಾಗೆ, 1672ರಲ್ಲಿ ತೀರಿಕೊಂಡ ಎರಡನೆಯ ಅಲಿ ಆದಿಲ್‌ಶಾಹನ ಗೋರಿಯೇ ನಿಮ್ಮ ನೆರೆಯ ಬಾರಾ ಕಮಾನ್. ಸುಲ್ತಾನನ ಕಟ್ಟಡವೇ ಛಾವಣಿ ಕಾಣದೆ ಅರ್ಧಕ್ಕೆ ನಿಂತಿದೆ. ಅದರ ಮಗ್ಗುಲಲ್ಲಿ ನಿಮ್ಮ ಮಹಡಿ ನಾಲ್ಕು ತಿಂಗಳು ತಡವಾದರೆ ಬೇಸರಿಸಬೇಡಿ.

ಟೇಪ್ ಪಕ್ಕಕ್ಕಿಟ್ಟು ಮೊದಲು ಸಿಟಿ ಸರ್ವೆ ಕಚೇರಿಯಿಂದ ಉತಾರ ಮತ್ತು ನಕಾಶೆ ತೆಗೆಸಿ, ಸಂರಕ್ಷಿತ ಗಡಿಯನ್ನು ಗುರುತು ಹಾಕಿಸಿಕೊಳ್ಳಿ. ಅಂತರ ಎಷ್ಟು ಬಂತೆಂದು ತಿಳಿಸಿದರೆ, ಅರ್ಜಿಯಲ್ಲಿ ಯಾವ ಪದ ಬರೆಯಬೇಕು, ಯಾವುದನ್ನು ಬರೆಯಬಾರದು ಎಂದು ಹೇಳುತ್ತೇನೆ.