ಜೀಪಿನ ಚಾಸಿ ತುಕ್ಕು: ಹೊರಗೆ ಬಳಿಯೋ ಮೊದ್ಲು ಒಳಗೆ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ದು ತೀರ್ಥಹಳ್ಳಿ ಹತ್ರ ತೋಟ. ಅಪ್ಪಯ್ಯ ತಗೊಂಡಿದ್ದ ಹಳೇ ಮಹೀಂದ್ರಾ ಸಿಜೆ 3ಬಿ ಜೀಪ್ ಇದೆ, ಗೊಬ್ಬರ, ಅಡಿಕೆ, ಅಡಿಕೆ ಕೊಳೆರೋಗಕ್ಕೆ ಹೊಡೆಯೋ ಕೊಳೆ ಔಷಧಿ ಡ್ರಮ್ಮು ಎಲ್ಲಾ ಈಗ್ಲೂ ಅದ್ರಲ್ಲೇ ಹೊಡೆಯೋದು. ಈ ಸಲ ಬಾಡಿ ಎತ್ತಿಸಿದೀನಿ, ಚಾಸಿ (ಬಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ಪೂರ್ತಿ ತುಕ್ಕು, ಹಿಂದಿನ ಪಟ್ಟಿ (ಲೀಫ್ ಸ್ಪ್ರಿಂಗ್) ಹತ್ರ ಪದರ ಪದರ ಏಳ್ತಿದೆ. ಗ್ಯಾರೇಜಿನವ್ರು ರೆಡ್ ಆಕ್ಸೈಡ್ ಹೊಡ್ದು ಮೇಲೆ ಡಾಂಬರ್ ಕೋಟಿಂಗ್ ಕೊಟ್ಟು, ಇರೋ ತೂತಿಗೆಲ್ಲ ಸಿಲಿಕಾನ್ ತುಂಬಿದ್ರೆ ಒಂದು ಹನಿ ನೀರೂ ಹೋಗಲ್ಲ ಅಂತಾರೆ. ಮಾಡಿಸ್ಬಹುದಾ?

ಉತ್ತರ: ದಯವಿಟ್ಟು ಆ ತೂತು ಮುಚ್ಚಿಸ್ಬೇಡಿ. ಒಳಗೆ ಹೋದ ನೀರು ಇಳ್ದು ಹೋಗ್ಲಿ ಅಂತಾನೇ ಅವು ಇರೋದು. ಆಗುಂಬೆ ಸುತ್ತ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ, ಇಂಥಾ ಕಡೆ ಚಾಸಿ ಒಳಗೆ ನೀರೇ ಹೋಗದಂಗೆ ಮಾಡ್ತೀನಿ ಅನ್ನೋದು ಆಗೋ ಮಾತಲ್ಲ, ಹಳ್ಳ ದಾಟ್ತೀರ, ಕೆಸರಲ್ಲಿ ಹೂತ್ಕೊಳ್ತೀರ, ಅದೇನೂ ಇಲ್ಲ ಅಂದ್ರೂ ಗಾಳೀಲಿರೋ ತೇವ ರಾತ್ರಿ ಹೊತ್ತು ತಣ್ಣಗಿರೋ ಕಬ್ಬಿಣಕ್ಕೆ ತಾಗಿ ನೀರಾಗುತ್ತೆ. ಹೋದ ನೀರು ಬೇಗ ಹೊರಗೆ ಬರ್ಬೇಕು, ಒಳಗೆ ಗಾಳಿ ಆಡ್ಬೇಕು. ಮಲೆನಾಡಿನ ಜೀಪ್‌ಗಳಲ್ಲಿ ನಾನು ನೋಡಿರೋ ಹಾಗೆ ಚಾಸಿ ಹೊರಗಿಂದ ತಿಂದಿದ್ದಕ್ಕಿಂತ ಒಳಗಿಂದ ತಿಂದಿದ್ದೇ ಜಾಸ್ತಿ.

ಮೊದ್ಲು ಒಂದು ಗಟ್ಟಿ ತಂತಿ ತಗೊಂಡು ಆ ತೂತು ಕೆದಕಿ. ಕೆಂಪು ಮಣ್ಣು, ಅಡಿಕೆ ಸಿಪ್ಪೆ ನಾರು ಸೇರಿ ಬಿರಡೆ ಹಾಕ್ದಂಗೆ ಕೂತಿರುತ್ತೆ, ಮೇಲೆ ಒಣಗಿ ಬಿರುಕು ಬಿಟ್ಟಿದ್ರೂ ಎಳೆದು ಬೆರಳಲ್ಲಿ ಹಿಚುಕಿದ್ರೆ ಒಳಗೆ ಇನ್ನೂ ಹಸಿ ಸಿಗುತ್ತೆ, ಅಂದ್ರೆ ಮಳೆ ನಿಂತು ತಿಂಗಳುಗಟ್ಲೆ ಆದ್ರೂ ಆ ಜಾಗ ನೆಂದೇ ಇದೆ ಅಂತ. ಅದನ್ನೆಲ್ಲ ತೆಗ್ದು, ಪ್ರೆಷರ್ ನೀರು ಬಿಟ್ಟು, ಆಮೇಲೆ ಕಂಪ್ರೆಸರ್ ಗಾಳಿ ಹೊಡ್ದು, ಕೆಲವು ದಿನ ಬಿಸ್ಲಿಗೆ ಬಿಡಿ.

ಆಮೇಲೆ ಸುತ್ತಿಗೆ. ಚಾಸಿ ಉದ್ದಕ್ಕೂ ಸಣ್ಣಗೆ ಬಡೀತಾ ಹೋಗಿ, ಗಟ್ಟಿ ಇರೋ ಕಡೆ ಟಣ್ ಅನ್ನುತ್ತೆ, ತಿಂದು ಹೋಗಿರೋ ಕಡೆ ಸತ್ತ ಸದ್ದು ಬರುತ್ತೆ. ಪಟ್ಟಿ ಕೂರೋ ಹ್ಯಾಂಗರ್, ಅಡ್ಡ ಮೆಂಬರ್ ಸೇರೋ ಮೂಲೆ, ಬಾಡಿ ಬೋಲ್ಟ್ ಜಾಗ, ಎರಡು ಪ್ಲೇಟ್ ಒಂದರ ಮೇಲೊಂದು ಕೂತಿರೋ ಕಡೆ, ಇಲ್ಲೆಲ್ಲ ಸ್ಕ್ರೂಡ್ರೈವರ್ ಚುಚ್ಚಿ ನೋಡ್ಲೇಬೇಕು. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತೆ, ಹಂಗಾಗಿ ಎರಡು ಪ್ಲೇಟ್ ಮಧ್ಯೆ ಸೇರ್ಕೊಂಡ್ರೆ ಪ್ಲೇಟನ್ನೇ ಉಬ್ಬಿಸಿಬಿಡುತ್ತೆ. ನೀವು ಹೇಳಿದ ಪದರ ಏಳೋ ಜಾಗದಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋದ್ರೆ ಯಾವ ಪೇಂಟೂ ಬೇಡ, ಕೊಳೆತಿದ್ದನ್ನ ಕತ್ತರಿಸಿ ಅದೇ ದಪ್ಪದ ಪ್ಲೇಟ್ ವೆಲ್ಡಿಂಗ್ ಮಾಡಿಸಿ. ಪುಟ್ಟಿ ಹಾಕಿ ಮುಚ್ಚೋಕೆ ಬಿಡ್ಬೇಡಿ, ಹ್ಯಾಂಗರ್ ಕಿತ್ತು ಬಂದ್ರೆ ಘಾಟಿ ಇಳಿಯೋವಾಗ ಜೀವಕ್ಕೇ ಅಪಾಯ.

ನಿಮ್ಮ ಪತ್ರದಲ್ಲಿ ಕೊಳೆ ಔಷಧಿ ಡ್ರಮ್ಮು ಅಂದ್ರಲ್ಲ, ನನಗೆ ಜಾಸ್ತಿ ಚಿಂತೆ ಅದ್ರದ್ದೇ. ಆ ಔಷಧಿ, ಅಂದ್ರೆ ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಸುಣ್ಣ ಕಮ್ಮಿ ಆಗಿದ್ಯಾ ನೋಡೋಕೆ ಕತ್ತಿ ಅದ್ದಿ ನೋಡ್ತೀವಲ್ಲ, ಕೆಂಪಗೆ ತಾಮ್ರ ಹಿಡಿದ್ರೆ ಇನ್ನೂ ಸುಣ್ಣ ಬೇಕು ಅಂತ, ಆ ಕತ್ತಿಗೆ ಆಗೋದೇ ನಿಮ್ಮ ಚಾಸಿಗೂ ಆಗೋದು. ಬರೀ ಮೈಲುತುತ್ತದ ನೀರು ಚೆಲ್ಲಿದ್ರೆ ಕಬ್ಬಿಣ ಕರಗಿ ಅಲ್ಲಿ ತಾಮ್ರ ಕೂರುತ್ತೆ, ಕೂತ ತಾಮ್ರ ಪಕ್ಕದ ಕಬ್ಬಿಣವನ್ನ ಇನ್ನೂ ಬೇಗ ತಿನ್ನಿಸುತ್ತೆ. ಹಾಗಾಗಿ ಜೀಪಲ್ಲಿ ಮೈಲುತುತ್ತ ಕರಗಿಸ್ಬೇಡಿ, ಡ್ರಮ್ಮಿಗೆ ಮುಚ್ಚಳ ಇರ್ಲಿ, ಔಷಧಿ ಹೊಡೆದ ದಿನ ಸಾಯಂಕಾಲ ಎಷ್ಟೇ ಸುಸ್ತಾಗಿದ್ರೂ ಕೆಳಗೆಲ್ಲ ಒಂದ್ಸಲ ನೀರು ಬಿಟ್ಟು ತೊಳೀರಿ. ಗೊಬ್ಬರಕ್ಕೂ ಅದೇ ಮಾತು.

ಇನ್ನು ಬಣ್ಣದ ವಿಷ್ಯ. ರೆಡ್ ಆಕ್ಸೈಡ್ ಬರೀ ಪ್ರೈಮರ್, ಅದೊಂದನ್ನೇ ನಂಬ್ಕೊಂಡ್ರೆ ನೀರು ಒಳಗೆ ಇಳಿಯುತ್ತೆ. ಡಾಂಬರ್ ಕೋಟಿಂಗ್ ಹೊಸದ್ರಲ್ಲಿ ಚೆನ್ನಾಗೇ ಕಾಣುತ್ತೆ, ವರ್ಷ ಕಳೆದಂಗೆ ಗಟ್ಟಿಯಾಗಿ ಬಿರುಕು ಬಿಟ್ಟು ನೀರು ಹಿಂದೆ ಸೇರ್ಕೊಂಡ್ರೆ ಹೊರಗೆ ಕಪ್ಪಗೆ ಮಿಂಚ್ತಾ ಇರುತ್ತೆ, ಒಳಗೆ ಚಾಸಿ ಪುಡಿ ಆಗ್ತಿರುತ್ತೆ. ನನ್ನ ಕೇಳಿದ್ರೆ ಹೀಗೆ ಮಾಡಿ: ಗ್ರೈಂಡರಿಗೆ ಕಪ್ ಬ್ರಷ್ ಹಾಕಿ ಸಡಿಲ ತುಕ್ಕೆಲ್ಲ ತೆಗೀರಿ, ಕನ್ನಡಕ ಮಾಸ್ಕ್ ಇಲ್ದೆ ಕೈ ಹಾಕ್ಬೇಡಿ. ಥಿನ್ನರಲ್ಲಿ ಗ್ರೀಸ್ ಒರೆಸಿ. ಗುಂಡಿಗಳಲ್ಲಿ ಉಳಿದ ಸಣ್ಣ ತುಕ್ಕಿಗೆ ಮಾತ್ರ ರಸ್ಟ್ ಕನ್ವರ್ಟರ್, ಅದ್ರಲ್ಲಿರೋ ಫಾಸ್ಫಾರಿಕ್ ಆಸಿಡ್ಡೋ ಟ್ಯಾನಿಕ್ ಆಸಿಡ್ಡೋ ತುಕ್ಕನ್ನ ಕಪ್ಪು ಪದರ ಮಾಡಿ ನಿಲ್ಲಿಸುತ್ತೆ, ಪದರ ಎದ್ದಿರೋ ತುಕ್ಕಿನ ಮೇಲೆ ಬಳಿದ್ರೆ ದಂಡ. ಡಬ್ಬಿ ಮೇಲೆ ತೊಳೀಬೇಕು ಅಂತಿದ್ರೆ ತೊಳ್ದು ಒಣಗಿಸ್ಲೇಬೇಕು, ಆಸಿಡ್ ಉಳಿದ್ರೆ ಮೇಲಿನ ಬಣ್ಣ ಹಿಡಿಯಲ್ಲ. ಆಮೇಲೆ ಹಾರ್ಡ್ನರ್ ಬೆರೆಸೋ ಎರಡು ಡಬ್ಬಿ ಎಪಾಕ್ಸಿ ಪ್ರೈಮರ್ ಎರಡು ಕೋಟು. ಪ್ಲೇಟ್ ಜೋಡಣೆ ಸಂದಿಗೆ ಪಾಲಿಯುರೆಥೇನ್ ಸೀಮ್ ಸೀಲರ್, ಅದೂ ಪ್ರೈಮರ್ ಮೇಲೆ, ಬರೀ ಕಬ್ಬಿಣದ ಮೇಲಲ್ಲ. ಬಾತ್‌ರೂಮಿಗೆ ಹಾಕೋ ಹುಳಿ ವಾಸನೆ ಸಿಲಿಕಾನ್ ಬೇಡವೇ ಬೇಡ, ಒಣಗೋವಾಗ ಅಸಿಟಿಕ್ ಆಸಿಡ್ ಬಿಡುತ್ತೆ, ಅದೇ ತುಕ್ಕಿಗೆ ದಾರಿ. ಮೇಲೆ ಕಪ್ಪು ಟಾಪ್ ಕೋಟ್.

ಪ್ಲೇಟ್ ಹಾಕಿ ಬಾಕ್ಸ್ ಮಾಡಿರೋ ಕಡೆ ಒಳಗೆ ಬ್ರಷ್ ಹೋಗಲ್ಲ, ಅಲ್ಲಿಗೆ ಕ್ಯಾವಿಟಿ ವ್ಯಾಕ್ಸ್, ಅಂದ್ರೆ ಟೊಳ್ಳು ಜಾಗದೊಳಗೆ ಹೊಡೆಯೋ ಮೇಣ. ಉದ್ದ ಪೈಪಿನ ನಾಜಲ್ಲಲ್ಲಿ ತೂತಿಂದ್ಲೇ ಹೊಡೆಯೋದು, ಸಂದಿ ಸಂದಿಗೆ ಹರಿದು ಕೂರುತ್ತೆ. ಹೊಡೆದ ಮೇಲೆ ಮತ್ತೆ ಅದೇ ತಂತಿ ಹಾಕಿ ತೂತು ಬಿಡಿಸಿ. ವೆಲ್ಡಿಂಗ್ ಕೆಲ್ಸ ಎಲ್ಲಾ ಮುಗಿದ ಮೇಲೇ ಇದು, ವ್ಯಾಕ್ಸಿಗೆ ಬೆಂಕಿ ಹಿಡಿಯುತ್ತೆ.

ಕೆಲ್ಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಮುಗ್ಸಿ. ಗಾಳೀಲಿ ತೇವ 85 ಪರ್ಸೆಂಟ್ ದಾಟಿದಾಗ ಬಣ್ಣ ಹೊಡೀಬಾರ್ದು, ಇಬ್ಬನಿ ಆರೋ ಮುಂಚೆ ಬೆಳಿಗ್ಗೆ ಹೊತ್ತೂ ಬೇಡ. ಮುಂಗಾರು ಹಿಡಿದ ಮೇಲೆ ಶುರು ಮಾಡೋದಾದ್ರೆ ಬರೀ ತೊಳ್ದು ವ್ಯಾಕ್ಸ್ ಹೊಡ್ದು ಮುಂದಿನ ಬೇಸಿಗೆವರೆಗೆ ಕಾಯೋದೇ ಒಳ್ಳೇದು.

ಇನ್ನೊಂದು, ಗ್ರೈಂಡರ್ ಹಿಡಿಯೋ ಮುಂಚೆ ಚಾಸಿ ನಂಬರ್ ಎಲ್ಲಿದೆ ಹುಡುಕಿ ಟೇಪ್ ಹಾಕಿಬಿಡಿ. ಅದು ಅಳಿಸಿಹೋದ್ರೆ ಆರ್‌ಸಿ ರಿನ್ಯೂವಲ್ಲಿಗೆ ಆರ್‌ಟಿಓ ಆಫೀಸಲ್ಲಿ ಅಲೆದಾಟ ತಪ್ಪಲ್ಲ.

ಪ್ರಶ್ನೆ: ಸುಟ್ಟ ಇಂಜಿನ್ ಆಯಿಲ್ ಬಳಿದ್ರೆ ಸಾಕು, ನಮ್ಮ ಕಡೆ ಲಾರಿಯವ್ರು ಅದನ್ನೇ ಮಾಡ್ತಾರೆ ಅಂತಾರಲ್ಲ ಸರ್? (ಹೊಸನಗರದಿಂದ ಒಬ್ಬರು)

ಉತ್ತರ: ಸ್ವಲ್ಪ ದಿನ ತಡೆಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅದ್ರಲ್ಲಿ ಇಂಜಿನ್ನಿನ ಆಸಿಡ್ ಇರುತ್ತೆ, ರಬ್ಬರ್ ಬುಷ್ ಹಾಳಾಗುತ್ತೆ, ಬ್ರೇಕ್ ಡ್ರಮ್ಮಿಗೆ ಇಳಿದ್ರೆ ಕಥೆ ಮುಗೀತು, ಚರ್ಮಕ್ಕೂ ಕೆಟ್ಟದ್ದು. ಮಳೇಲಿ ತೊಳ್ದು ಹೋಗೋದು ನಿಮ್ಮದೇ ಬಾವಿ, ಹಳ್ಳಕ್ಕೆ. ಲ್ಯಾನೋಲಿನ್ (ಕುರಿ ಉಣ್ಣೆ ಜಿಡ್ಡು) ಸ್ಪ್ರೇ ಸಿಕ್ಕಿದ್ರೆ ಅದನ್ನ ವರ್ಷಕ್ಕೊಂದ್ಸಲ ಹೊಡೀರಿ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮ ಮನೇಲಿ ಪ್ರೀಮಿಯರ್ ಪದ್ಮಿನಿ ಇದೆ. ಅದ್ಕೂ ಚಾಸಿ ಬಿಚ್ಚಿ ಹೀಗೇ ಮಾಡಿಸ್ಬೇಕಾ?

ಉತ್ತರ: ಪದ್ಮಿನಿಗೆ ಜೀಪ್ ಥರ ಬೇರೆ ಚಾಸಿ ಇಲ್ಲ, ಬಾಡಿನೇ ಚಾಸಿ. ಅದಕ್ಕೇ ಬಾಗಿಲ ಕೆಳಗಿನ ಸಿಲ್ ಕೊಳೆತ್ರೆ ಅದು ಅಂದದ ಪ್ರಶ್ನೆ ಅಲ್ಲ, ಗಾಡಿ ಬಲವೇ ಹೋಗುತ್ತೆ. ಮ್ಯಾಟ್ ಎತ್ತಿ ಫ್ಲೋರ್ ನೋಡಿ, ಬಾಗಿಲ ಕೆಳಗಿನ ನೀರಿನ ತೂತು ಬಿಡಿಸಿ, ಜಾಕ್ ಕೊಡೋ ಜಾಗ ಕುಸೀತಿದ್ಯಾ ನೋಡಿ. 50 ವರ್ಷ ದಾಟಿದ ಕಾರಾದ್ರೆ 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸ್ಬಹುದು, ಆದ್ರೆ ಚಾಸಿ, ಬಾಡಿ, ಇಂಜಿನ್ ಮಾರ್ಪಾಡು ಮಾಡಿರ್ಬಾರ್ದು, ದಿನಾ ಓಡಿಸೋಕೂ ಬಿಡಲ್ಲ, ಪ್ರದರ್ಶನ ರ‍್ಯಾಲಿ ಅಂಥದಕ್ಕೆ ಮಾತ್ರ. ಹಾಗಾಗಿ ಸಿಲ್ ರಿಪೇರಿ ಮಾಡಿಸೋವಾಗ ಮೊದ್ಲಿದ್ದ ಆಕಾರದಲ್ಲೇ ತಗಡು ಬಗ್ಗಿಸಿ ಹಾಕೋಕೆ ಹೇಳಿ, ಮುಂಚೆ ಆಮೇಲೆ ಎರಡೂ ಫೋಟೋ ತೆಗ್ದಿಟ್ಕೊಳ್ಳಿ.