ಕನ್‌ಫ್ಯೂಷಿಯಸ್ ಅನುಯಾಯಿಗಳಿಗೆ ಬದುಕಿನ ಗುರಿ ಏನು?

ಮೋಕ್ಷದ ಮಾತೇ ಇಲ್ಲದಿದ್ದರೆ ಇವರು ಯಾವುದಕ್ಕಾಗಿ ಬದುಕುತ್ತಾರೆ ಅಂತ ಕೇಳಿದ್ದೀರಿ. ಒಳ್ಳೆಯ ಮನುಷ್ಯನಾಗುವುದಕ್ಕೆ. ಅದೂ ಕಾಡಿಗೆ ಹೋಗಿ ಅಲ್ಲ, ಮನೆಯಲ್ಲಿ, ನಾಲ್ಕು ಜನರ ನಡುವೆ ಇದ್ದುಕೊಂಡೇ.

ಕನ್‌ಫ್ಯೂಷಿಯಸ್ (ಕ್ರಿ.ಪೂ. 551–479) ಚೀನಾದ ಲು ರಾಜ್ಯದ ಚಿಂತಕ, ಗುರು. ಶಿಷ್ಯನೊಬ್ಬ ಸಾವಿನ ಬಗ್ಗೆ ಕೇಳಿದಾಗ, ಬದುಕೇ ಇನ್ನೂ ಗೊತ್ತಿಲ್ಲ, ಸಾವು ಹೇಗೆ ಗೊತ್ತಾದೀತು ಅಂದನಂತೆ. ಹಾಗಂತ ನಾಸ್ತಿಕ ಅಂದುಕೊಳ್ಳಬೇಡಿ. 'ತಿಯನ್', ಅಂದರೆ ಆಕಾಶ ಅಥವಾ ಮೇಲಿನ ದೈವಶಕ್ತಿಯ ಬಗ್ಗೆ ಅವನಿಗೆ ಗೌರವವಿತ್ತು. ಪಿತೃಗಳ ಪೂಜೆಯನ್ನೂ ಮನಸ್ಸಿಟ್ಟು ಮಾಡಬೇಕು ಅನ್ನುತ್ತಿದ್ದ.

ಇವರ ಎರಡು ಮುಖ್ಯ ಪದಗಳು 'ರೆನ್' ಮತ್ತು 'ಲಿ'. ರೆನ್ ಅಂದರೆ ಮನುಷ್ಯತ್ವ. ಒಮ್ಮೆ ಕುದುರೆ ಲಾಯಕ್ಕೆ ಬೆಂಕಿ ಬಿತ್ತು. ಮನೆಗೆ ಬಂದ ಕನ್‌ಫ್ಯೂಷಿಯಸ್, 'ಯಾರಿಗಾದರೂ ಪೆಟ್ಟಾಯಿತಾ?' ಅಂತ ಕೇಳಿದ. ಕುದುರೆಗಳ ಸುದ್ದಿಯನ್ನೇ ಎತ್ತಲಿಲ್ಲ. ಲಿ ಅಂದರೆ ನಡವಳಿಕೆ, ರೀತಿ ರಿವಾಜು. ಆದರೆ ಸುಮ್ನೆ ತೋರಿಕೆಗೆ ಮಾಡಿದರೆ ಅದು ಲಿ ಅಲ್ಲ. ಅಪ್ಪ ಅಮ್ಮನಿಗೆ ಊಟ ಹಾಕಿದರೆ ಸಾಕು ಅಂದುಕೊಂಡವರನ್ನು ಅವನು ಕೇಳುತ್ತಾನೆ: ನಾಯಿ, ಕುದುರೆಗಳಿಗೂ ಊಟ ಹಾಕುತ್ತೇವೆ, ಗೌರವ ಇಲ್ಲದಿದ್ದರೆ ವ್ಯತ್ಯಾಸ ಏನು? ಖಾರವಾಗಿದೆ, ಅಲ್ವಾ?

ಇದೇ ಚಿಂತನೆ ಮುಂದೆ ಹೆಂಗಸರನ್ನು, ಕಿರಿಯರನ್ನು ಬಾಯಿ ಮುಚ್ಚಿಸಲು ಜಾಸ್ತಿ ಬಳಕೆಯಾಯಿತು ಅನ್ನುವುದೂ ನಿಜ.

ಗುರಿ ಮುಟ್ಟಲು ಅವಸರವಿಲ್ಲ. ತಾನು 15ಕ್ಕೆ ಕಲಿಕೆಗೆ ಮನಸ್ಸು ಕೊಟ್ಟೆ, ಮನಸ್ಸು ಹೇಳಿದಂತೆ ನಡೆದರೂ ತಪ್ಪಾಗದ ಸ್ಥಿತಿಗೆ ಬಂದಿದ್ದು 70ಕ್ಕೆ ಅಂತ ಅವನೇ ಹೇಳಿಕೊಂಡಿದ್ದಾನೆ.